ಲಿವರ್ ಆಪರೇಶನ್: ಹೊಟ್ಟೆ ತೆರೆದರೆ ಸೋತಂತಲ್ಲ

ಕೇಳುಗರಿಗೆ ನಮಸ್ಕಾರ. ಲಿವರ್ ಆಪರೇಶನ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಹೇಳೋದು ಒಂದೇ ಮಾತು. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಲ್ಲಿ ಶುರು ಮಾಡಿದ ಆಪರೇಶನ್ ಹೊಟ್ಟೆ ಕೊಯ್ದು ಮುಗಿದರೆ ಡಾಕ್ಟರ್ ಸೋತರು ಅಂತಲ್ಲ.

ಲಿವರ್ ತೂಕ ಸುಮಾರು 1.5 ಕಿಲೋ. ಅದರೊಳಗೆ ನಿಮಿಷಕ್ಕೆ ಸುಮಾರು 1.5 ಲೀಟರ್ ರಕ್ತ ಹರಿಯುತ್ತದೆ. ಅಂಥ ಕಡೆ ದೊಡ್ಡ ರಕ್ತನಾಳ ಹರಿದರೆ ಕ್ಯಾಮೆರಾ ತೋರಿಸುವ ಪರದೆ ಪೂರ್ತಿ ಕೆಂಪು, ಏನೂ ಕಾಣುವುದಿಲ್ಲ. ಕಾಲುವೆ ಒಡೆದಾಗ ಮೇಲಿನ ತೂಬು ಇಳಿಸುತ್ತೀರಲ್ಲ, ಹಾಗೆ ಲಿವರ್‌ಗೆ ಬರುವ ರಕ್ತವನ್ನೂ ಸ್ವಲ್ಪ ಹೊತ್ತು ತಡೆಯಬಹುದು. ಪ್ರಿಂಗಲ್ ಎಂಬ ಸರ್ಜನ್ 1908ರಲ್ಲೇ ಇದನ್ನು ಬರೆದಿಟ್ಟರು. ಆದರೆ ಲಿವರ್ ಹಿಂದಿನ ದೊಡ್ಡ ಸಿರೆಗಳ ರಕ್ತ ಇದಕ್ಕೆ ನಿಲ್ಲುವುದಿಲ್ಲ. ಆಗ ಎಷ್ಟೋ ಸಲ ಹೊಟ್ಟೆ ತೆರೆದು ಕೈಯೇ ಹಾಕಬೇಕಾಗುತ್ತದೆ.

ಕುಷ್ಟಗಿ ಕಡೆಯ ಒಬ್ಬ ಕುರಿಗಾಹಿ ಬಂದಿದ್ದರು. ಲಿವರ್‌ನಲ್ಲಿ ಹೈಡಾಟಿಡ್ ಗಂಟು. ನಾಯಿಯಿಂದ ಬರುವ ಹುಳದ ಕಾಯಿಲೆ ಇದು, ಒಳಗೆ ನೀರು ತುಂಬಿರುತ್ತದೆ. ಕ್ಯಾಮೆರಾ ಇಳಿಸಿ ನೋಡಿದರೆ ಗಂಟು ಲಿವರ್‌ನ ಹಿಂದೆ, ಮೇಲುಗಡೆ, ವಪೆಗೆ, ಅಂದರೆ ಎದೆ-ಹೊಟ್ಟೆ ನಡುವಿನ ಸ್ನಾಯುವಿಗೆ, ಗಟ್ಟಿಯಾಗಿ ಅಂಟಿಕೊಂಡಿದೆ. ಆ ನೀರು ಹೊಟ್ಟೆಯಲ್ಲಿ ಚೆಲ್ಲಿದರೆ ಅಲರ್ಜಿಯಾಗಿ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಬೇರೆ ಕಡೆ ಹೊಸ ಗಂಟೂ ಬೆಳೆಯಬಹುದು. ನಾವು ಎಳೆದಾಡಲಿಲ್ಲ. ಪಕ್ಕೆಲುಬಿನ ಕೆಳಗೆ ಕೊಯ್ದೆವು. ಸುತ್ತಲೂ ಗಾಢ ಉಪ್ಪುನೀರಿನ ಬಟ್ಟೆ ಒತ್ತಿಟ್ಟು ಗಂಟು ತೆಗೆದೆವು.

ಹೊರಗೆ ಬಂದರೆ ಅವರ ಭಾವ ಕಾಯ್ತಿದ್ದರು. "ಏನ್ರೀ ಡಾಕ್ಟ್ರ, ನಾಕು ತೂತು ಅಂದಿದ್ರಿ. ಈಗ ನೋಡಿದ್ರ ಇಷ್ಟುದ್ದ ಹೊಲಿಗಿ ಹಾಕೀರಿ. ನಿಮಗ ಬರಂಗಿಲ್ಲೇನ್ರೀ?"

ತೆಗೆದ ಗಂಟಿನ ಪೊರೆ ತರಿಸಿ ತೋರಿಸಿದೆ. ಸುಮ್ನೆ ನೋಡಿದರು. "ಇದು ಒಳಗ ಒಡದಿದ್ರ?"

"ಅದಕ್ಕೇ ಅಣ್ಣಾ ಕೊಯ್ದಿದ್ದು" ಅಂದೆ.

"ಹಂಗಾದ್ರ ಮೊದಲ ಕೊಯ್ಯಬೇಕಿತ್ತಲ್ರೀ!"

ನ್ಯಾಯವಾದ ಪ್ರಶ್ನೆ. ಆದರೆ ಸ್ಕ್ಯಾನಿನಲ್ಲಿ ಗಂಟು ಕಾಣುತ್ತದೆ, ಅಂಟು ಎಷ್ಟಿದೆ ಅಂತ ಪೂರ್ತಿ ಕಾಣುವುದಿಲ್ಲ. ತೂತಿನಲ್ಲೇ ಮುಗಿದರೆ ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಅದಕ್ಕೇ ಮೊದಲು ಆ ದಾರಿ ನೋಡುವುದು. ಆಗಲಿಲ್ಲ ಅಂದರೆ ತೆರೆಯುವುದು. ಇದರಲ್ಲಿ ಸೋಲು ಎಲ್ಲಿ ಬಂತು?

ಸಮಯ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದ್ದಾರೆ. ಹಳೇ ಆಪರೇಶನ್ನಿನ ಅಂಟು ಇದ್ದರೆ, ಕ್ಯಾನ್ಸರ್ ಗಡ್ಡೆಯ ಅಂಚು ಸರಿಯಾಗಿ ಸಿಗದಿದ್ದರೆ, ಆಗಲೂ ತೆರೆಯುತ್ತೇವೆ. ರಕ್ತ ಸೋರುವ ಮೊದಲೇ ತೆರೆಯುವುದು ಒಳ್ಳೆಯದು, ಸೋರಿದ ಮೇಲೆ ಗಡಿಬಿಡಿ ಜಾಸ್ತಿ. ಸಹಿ ಹಾಕುವ ಕಾಗದದಲ್ಲಿ "ಬೇಕಾದರೆ ಹೊಟ್ಟೆ ತೆರೆಯಲಾಗುವುದು" ಅಂತ ಇರುತ್ತದೆ. ಅದನ್ನು ಓದಿ, ಓದಿಸಿಕೊಳ್ಳಿ. ತೂತಿನಲ್ಲೇ ಮುಗಿಸ್ತೀನಿ ಅಂತ ಮಾತು ಕೊಡಿ ಎಂದು ಮಾತ್ರ ಡಾಕ್ಟರನ್ನು ಕಟ್ಟಿಹಾಕಬೇಡಿ.

ಕುರಿ ಸಾಕುವವರಿಗೆ ಇನ್ನೊಂದು ಮಾತು. ಕುರಿ ಕೊಯ್ದಾಗ ನೀರುಗಂಟು ಇರುವ ಲಿವರ್ ನಾಯಿಗೆ ಹಾಕಬೇಡಿ, ಆಳವಾಗಿ ಹೂಳಿ. ನಮಸ್ಕಾರ.