ಅಳಿಸುವ ಮೊದಲು ಓದಿಟ್ಟುಕೊಳ್ಳಿ

ಎಲ್ಲರಿಗೂ ನಮಸ್ಕಾರ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಇಂಥ ಬಿಸಿಲಲ್ಲಿ ವಿಜಯಪುರಕ್ಕೆ ಬಂದಿದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಬಯಾಸ್ ಅಂದ್ರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ ಅಂತ ಲ್ಯಾಪ್‌ಟಾಪ್ ರಿಪೇರಿ ಮಾಡುವ ನಿಮಗೆ ಹೇಳಬೇಕಾಗಿಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತ ಲ್ಯಾಪ್‌ಟಾಪ್ ನಿಮ್ಮೆಲ್ಲರ ಟೇಬಲ್ಲಿಗೂ ಬಂದಿರುತ್ತದೆ. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ನಮ್ಮಲ್ಲಿ ಅನೇಕರು ತಕ್ಷಣ ಹೇಳಿಬಿಡುತ್ತೇವೆ, "ಬೋರ್ಡ್ ಹೋಗಿದೆ." ದಯವಿಟ್ಟು ಅಷ್ಟು ಬೇಗ ಹೇಳಬೇಡಿ. ಬೋರ್ಡ್ ಹೋಗಿಲ್ಲ. ಬಯಾಸ್ ಇರುವ ಎಂಟು ಕಾಲಿನ ಒಂದು ಚಿಪ್‌ನೊಳಗಿನ ಬರಹ ಕೆಟ್ಟಿದೆ, ಅಷ್ಟೇ.

ಒಬ್ಬ ಹುಡುಗಿಯ ಲ್ಯಾಪ್‌ಟಾಪ್ ವಿಷಯ ಹೇಳುತ್ತೇನೆ. ಫೈನಲ್ ಇಯರ್, ಪ್ರಾಜೆಕ್ಟ್ ರಿಪೋರ್ಟ್ ಕೊಡುವ ವಾರ. ವಿಂಡೋಸ್ ಅಪ್‌ಡೇಟ್ ಜೊತೆಗೇ ಬಯಾಸ್ ಅಪ್‌ಡೇಟ್ ಕೂಡ ಬಂತು. ಈಗ ಹಾಗೇ ಬರುತ್ತದೆ, ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ರೀಸ್ಟಾರ್ಟ್ ಕೊಟ್ಟಳು. ಸಂಜೆ ಗಾಳಿ ಎದ್ದಿತು, ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತಲ್ಲ ಅಂತೀರಾ? ಇತ್ತು. ಹಳೇ ಬ್ಯಾಟರಿ, 60 ಪರ್ಸೆಂಟ್ ತೋರಿಸುತ್ತದೆ, ಚಾರ್ಜರ್ ತೆಗೆದರೆ ನಿಮಿಷವೂ ತಡೆಯುವುದಿಲ್ಲ. ಅಪ್‌ಡೇಟ್ ಪ್ರೋಗ್ರಾಂ ಚಾರ್ಜರ್ ಇದೆಯಾ, ಪರ್ಸೆಂಟ್ ಸಾಕಾ ಅಂತ ಮಾತ್ರ ನೋಡುತ್ತದೆ. ಬ್ಯಾಟರಿಯ ತಾಕತ್ತು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮ ಕಡೆ ಈ ಕೇಸ್ ಜಾಸ್ತಿ.

ಮೊದಲು ಹೋದ ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಿಸಬೇಕು ಅಂದರಂತೆ. ಹೊಸ ಲ್ಯಾಪ್‌ಟಾಪಿನ ಅರ್ಧ ದುಡ್ಡು. ಆಮೇಲೆ ನಮ್ಮಲ್ಲಿಗೆ ತಂದರು. ಅವಳು ಕೇಳಿದ ಮೊದಲ ಪ್ರಶ್ನೆ ಖರ್ಚು ಎಷ್ಟು ಅಂತಲ್ಲ, "ನನ್ನ ರಿಪೋರ್ಟ್ ಇದೆಯಾ ಸರ್?" ಇದೆಯಮ್ಮ, ರಿಪೋರ್ಟ್ ಎಸ್‌ಎಸ್‌ಡಿಯಲ್ಲಿದೆ, ಬಯಾಸ್ ಚಿಪ್ ಬೇರೆ ಅಂದಾಗಲೇ ಆ ಮಗು ನೀರು ಕುಡಿದದ್ದು. ಗಿರಾಕಿಗೆ ಈ ಒಂದು ಮಾತು ಮೊದಲು ಹೇಳಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ಸ್ಕ್ರೂ ಬಿಚ್ಚುವ ಮೊದಲು ಕಂಪನಿ ಕೊಟ್ಟ ದಾರಿ ನೋಡಬೇಕು. ಎಚ್‌ಪಿ ಆದರೆ ಬೇರೆ ಕಂಪ್ಯೂಟರಿನಲ್ಲಿ ರಿಕವರಿ ಪೆನ್‌ಡ್ರೈವ್ ಮಾಡಿ, ವಿಂಡೋಸ್ ಕೀ ಮತ್ತು ಬಿ ಒಟ್ಟಿಗೆ ಹಿಡಿದು ಪವರ್ ಒತ್ತುವುದು. ಡೆಲ್‌ನ ಅನೇಕ ಮಾಡೆಲ್‌ಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದು ಚಾರ್ಜರ್ ಚುಚ್ಚುವುದು. ಎಷ್ಟೋ ಮಷಿನ್ ಇಷ್ಟಕ್ಕೇ ಎದ್ದು ಕೂರುತ್ತವೆ. ಇದು ಏಳಲಿಲ್ಲ.

ಸರಿ, ಬಿಚ್ಚಿದೆವು. ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ, ಚಿಪ್ ಹುಡುಕಿದೆವು. ವಿನ್‌ಬಾಂಡ್ ಕಂಪನಿಯ ಚಿಪ್, 16 ಎಂಬಿ. ಮೂಲೆಯಲ್ಲಿ ಸಣ್ಣ ಚುಕ್ಕೆ, ಅದೇ ಒಂದನೇ ಕಾಲು. ಚಿಪ್‌ನ ಕಾಲುಗಳನ್ನು ಹಿಡಿಯುವ ಕ್ಲಿಪ್‌ನ ಕೆಂಪು ವೈರ್ ಆ ಕಡೆಗೆ. ಚಿಪ್ ಓದಿ ಬರೆಯುವ ಸಾಧನ ಸಿಎಚ್341ಎ ಪ್ರೋಗ್ರಾಮರ್, ಅದನ್ನು ನಡೆಸಲು ಫ್ಲ್ಯಾಶ್‌ರಾಮ್ ಸಾಫ್ಟ್‌ವೇರ್. ನಮ್ಮ ಜೊತೆಗಿದ್ದ ಹುಡುಗ, ಬಹಳ ಚುರುಕು, ಆಗಲೇ ಇಂಟರ್‌ನೆಟ್ಟಿನಿಂದ ಅದೇ ಮಾಡೆಲ್‌ನ ಡಂಪ್, ಅಂದರೆ ಬೇರೆ ಯಾರದೋ ಚಿಪ್‌ನಿಂದ ಓದಿದ ಪೂರ್ತಿ ನಕಲು, ಇಳಿಸಿಕೊಂಡು ಕೂತಿದ್ದ. "ಇದನ್ನೇ ಚಿಪ್‌ಗೆ ಹೊಡೆದುಬಿಡಲಾ ಸರ್?" ಅಂದ.

ಇಲ್ಲೇ ನಾನು ತಡೆಯುವುದು. ಹೊಡೆಯಬೇಡ. ಮೊದಲು ಓದು. ಎರಡು ಸಲ ಓದು, ಎರಡೂ ಫೈಲ್ ಒಂದೇನಾ ನೋಡು. ಬೇರೆ ಬೇರೆ ಬಂದರೆ, ಅಥವಾ ಫೈಲ್ ಪೂರ್ತಿ ಎಫ್ಎಫ್ ಎಫ್ಎಫ್ ಅಂತಲೇ, ಅಂದರೆ ಖಾಲಿ ಇದ್ದರೆ ಕ್ಲಿಪ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ತೆಗೆದು ಮತ್ತೆ ಕೂರಿಸು.

ಯಾಕೆ ಇಷ್ಟು ಹಟ? ಆ ಚಿಪ್‌ನಲ್ಲಿ ಬಯಾಸ್ ಒಂದೇ ಇರುವುದಿಲ್ಲ. ಸೀರಿಯಲ್ ನಂಬರ್, ವಿಂಡೋಸ್ ಲೈಸೆನ್ಸ್ ಕೀ, ಎಷ್ಟೋ ಇಂಟೆಲ್ ಬೋರ್ಡ್‌ಗಳಲ್ಲಿ ನೆಟ್‌ವರ್ಕ್‌ನಲ್ಲಿ ಗುರುತಾಗಿರುವ ಲ್ಯಾನ್‌ನ ಮ್ಯಾಕ್ ಅಡ್ರೆಸ್, ಚಿಪ್‌ಸೆಟ್ ಒಳಗಿನ ಸಣ್ಣ ಕಂಟ್ರೋಲರ್ ಆದ ಮ್ಯಾನೇಜ್‌ಮೆಂಟ್ ಇಂಜಿನ್‌ನ ಭಾಗ, ಎಲ್ಲ ಅಲ್ಲೇ. ಬೇರೆಯವರ ಡಂಪ್ ಹಾಕಿದರೆ ಡಿಸ್‌ಪ್ಲೇ ಬರಬಹುದು, ಗಿರಾಕಿ ಖುಷಿಯಾಗಿ ಹೋಗಬಹುದು. ಆದರೆ ಅವನ ಲ್ಯಾಪ್‌ಟಾಪ್ ಬೇರೊಬ್ಬರ ಆಧಾರ್ ಕಾರ್ಡ್ ಹಿಡಿದು ಓಡಾಡುತ್ತದೆ. ವಾರಂಟಿ ಕೇಳಿದಾಗ ನಂಬರ್ ಹೊಂದುವುದಿಲ್ಲ. ಮ್ಯಾನೇಜ್‌ಮೆಂಟ್ ಇಂಜಿನ್ ಕೆಟ್ಟಿದ್ದರೆ ಫ್ಯಾನ್ ಜೋರಾಗಿ ಓಡುತ್ತಲೇ ಇರುತ್ತದೆ, ಇಲ್ಲವೇ ಮಷಿನ್ 30 ನಿಮಿಷಕ್ಕೊಮ್ಮೆ ತಾನೇ ಆಫ್ ಆಗುತ್ತದೆ. ಅಂಥವು ವಾಪಸ್ ಬಂದಾಗ ಕಾರಣ ಗೊತ್ತಾಗದೆ ನಾವು ರ‍್ಯಾಮ್ ಬದಲಿಸುತ್ತೇವೆ, ಪೇಸ್ಟ್ ಹಚ್ಚುತ್ತೇವೆ. ಹಳೇ ಡಂಪ್ ಇಟ್ಟುಕೊಂಡಿದ್ದರೆ ಈ ಯಾವ ತಾಪತ್ರಯವೂ ಇಲ್ಲ ಅಲ್ವಾ?

ಆ ಹುಡುಗಿಯ ಚಿಪ್ ಓದಿದಾಗ ಬಯಾಸ್ ಭಾಗ ಮಾತ್ರ ಅರ್ಧಂಬರ್ಧ ಇತ್ತು. ಉಳಿದದ್ದೆಲ್ಲ ಸರಿ ಇತ್ತು. ಲ್ಯಾಪ್‌ಟಾಪ್ ಹಿಂದಿನ ಸ್ಟಿಕರ್‌ನಲ್ಲಿದ್ದ ಸೀರಿಯಲ್ ನಂಬರ್, ಫೈಲ್‌ನ ಒಂದೊಂದು ಬೈಟ್ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಹಾಗೇ ಕಂಡಿತು. ಕಂಪನಿಯ ಅಪ್‌ಡೇಟ್ ಫೈಲ್ ಬಿಚ್ಚಿ, ಹೊಸ ಬಯಾಸ್ ಭಾಗವನ್ನು ಅವಳದೇ ಡಂಪ್‌ನೊಳಗೆ ಕೂರಿಸಿ, ಬರೆದು, ವೆರಿಫೈ ಮಾಡಿದೆವು. ಪವರ್ ಒತ್ತಿದರೆ ಮತ್ತೆ ಕಪ್ಪು. ಹುಡುಗನ ಕೈ ಆಗಲೇ ಬಟನ್ ಕಡೆ ಹೋಗಿತ್ತು. ಬೇಡ ಅಂದೆ. ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಅದಕ್ಕೆ ಕೆಲವು ನಿಮಿಷ ಬೇಕು, ನಡುವೆ ತಾನೇ ಆಫ್ ಆಗಿ ಆನ್ ಆಗುತ್ತದೆ. ಸುಮ್ನೆ ಕೂತೆವು. ಲೋಗೊ ಬಂತು. ರಿಪೋರ್ಟ್ ಸಿಕ್ಕಿತು, ಸರಿಯಾದ ದಿನಕ್ಕೆ ಕೊಟ್ಟಳು.

ಇದು ಹೊಸ ಸಮಸ್ಯೆಯೇನಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಎಷ್ಟೋ ಕಂಪ್ಯೂಟರುಗಳ ಬಯಾಸನ್ನೇ ಅಳಿಸಿ ಹಾಕಿತ್ತು. 2017ರ ಡಿಸೆಂಬರ್‌ನಲ್ಲಿ ಉಬುಂಟು 17.10 ಅನ್ನುವ ಆಪರೇಟಿಂಗ್ ಸಿಸ್ಟಂನ ಒಂದು ಡ್ರೈವರ್ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳ ಬಯಾಸ್ ಕೆಡಿಸಿತು, ಡೌನ್‌ಲೋಡ್ ಲಿಂಕನ್ನೇ ತೆಗೆಯಬೇಕಾಯಿತು. ಇದರ ಬಗ್ಗೆ ಇನ್ನೂ ಹೇಳಬೇಕೆಂದಿದ್ದೆ, ಆದರೆ ಚಹಾ ಬಂದಿದೆ ಅಂತ ಸನ್ನೆ ಮಾಡುತ್ತಿದ್ದಾರೆ.

ಉಳಿದದ್ದು ಬೇಗ ಹೇಳುತ್ತೇನೆ. ವೋಲ್ಟೇಜ್ ನೋಡದೆ ಕ್ಲಿಪ್ ಹಾಕಬೇಡಿ. ವಿನ್‌ಬಾಂಡ್ 25ಕ್ಯೂ128 ಆದಮೇಲೆ ಜೆವಿ ಅಂತಿದ್ದರೆ 3.3 ವೋಲ್ಟ್, ಜೆಡಬ್ಲ್ಯೂ ಅಂತಿದ್ದರೆ 1.8. ಅದಕ್ಕೆ ಅಡಾಪ್ಟರ್ ಬೇಕೇ ಬೇಕು. ಅಗ್ಗದ ಕಪ್ಪು ಪ್ರೋಗ್ರಾಮರ್‌ಗಳಲ್ಲಿ ಡೇಟಾ ಪಿನ್‌ಗೆ 5 ವೋಲ್ಟ್ ಬರುತ್ತದೆ, ಮಲ್ಟಿಮೀಟರ್ ಇಟ್ಟು ನೋಡಿ. ಕಂಪನಿಯ ಸಹಿ ಇಲ್ಲದ ಬಯಾಸನ್ನು ತಡೆಯುವ ಬೂಟ್ ಗಾರ್ಡ್ ಇರುವ ಮಷಿನ್‌ಗೆ ಕಂಪನಿಯ ಫೈಲ್ ಬಿಟ್ಟು ಬೇರೆ ನಡೆಯುವುದಿಲ್ಲ. ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಮಷಿನ್ ಎದ್ದಮೇಲೆ 48 ಅಂಕಿಯ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಗಿರಾಕಿಯ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ, ಕೆಲಸ ಶುರು ಮಾಡುವ ಮೊದಲೇ ಕೇಳಿ ತರಿಸಿ.

ಆ ಕಡೆ ಮೇಜಿನ ಮೇಲೆ ಹಳೇ ಬೋರ್ಡ್, ಕ್ಲಿಪ್, ಪ್ರೋಗ್ರಾಮರ್ ಎಲ್ಲ ಇಟ್ಟಿದ್ದೇವೆ. ಚಹಾ ಕುಡಿದು ಬನ್ನಿ, ಒಬ್ಬೊಬ್ಬರೇ ಕೂತು ಓದಿ ನೋಡಿ. ಬರೆಯುವುದನ್ನು ಮಧ್ಯಾಹ್ನ ಊಟ ಆದಮೇಲೆ ಮಾಡೋಣ, ಅಲ್ಲಿಯವರೆಗೆ ಯಾರೂ ಎರೇಸ್ ಒತ್ತಬಾರದು.