ಪುಕ್ಕಟೆ ಫೋನಿಗೆ 36 ತಿಂಗಳ ಹಗ್ಗ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ ಅಂತ ಕಮಿಟಿಯವರು ನನ್ನನ್ನು ತಂದು ಇಲ್ಲಿ ನಿಲ್ಲಿಸಿದ್ದಾರೆ. ಬಿಸಿಬೇಳೆಬಾತಿನ ವಾಸನೆ ಆಗಲೇ ಬರುತ್ತಿದೆ, ಹಾಗಾಗಿ ಜಾಸ್ತಿ ಎಳೆಯುವುದಿಲ್ಲ. ಅಮೆರಿಕಕ್ಕೆ ಬಂದವರು ಫೋನನ್ನು ಕ್ಯಾರಿಯರ್, ಅಂದರೆ ಸಿಮ್ ಕೊಡುವ ಕಂಪನಿ, ಹತ್ತಿರ ಕಂತಿನಲ್ಲಿ ತಗೊಳ್ಳಬೇಕಾ, ಪೂರ್ತಿ ದುಡ್ಡು ಕೊಟ್ಟು ಅನ್‌ಲಾಕ್ಡ್, ಅಂದರೆ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವ, ಫೋನ್ ತಗೊಳ್ಳಬೇಕಾ, ಇದು ವಿಷಯ. ನಾನು ಟೆಲಿಕಾಂನವನಲ್ಲ. ಪೆಟ್ಟು ತಿಂದವನು, ಅಷ್ಟೇ.

ಪೆಟ್ಟಿನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. 2022ರ ಡಿಸೆಂಬರ್‌ನಲ್ಲಿ ದಾವಣಗೆರೆಗೆ ಹೋಗಿದ್ದೆ. ನನಗೆ ಆಫೀಸಿನಿಂದ ಬೇರೆ ಫೋನ್ ಸಿಕ್ಕಿತ್ತು, ನನ್ನ ಐಫೋನ್ 13 ಸುಮ್ನೆ ಡ್ರಾಯರ್‌ನಲ್ಲಿ ಬಿದ್ದಿತ್ತು. ಅದನ್ನೇ ಚೆನ್ನಾಗಿ ಒರೆಸಿ, ಹೊಸ ಕವರ್ ಹಾಕಿ, ಅಪ್ಪನಿಗೆ ಅಂತ ತೆಗೆದುಕೊಂಡು ಹೋದೆ. ಸಿಮ್ ಟ್ರೇ ತೆಗೆಯುವ ಕಡ್ಡಿ ಸಿಗಲಿಲ್ಲ. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೊಟ್ಟರು. ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ಸಿಮ್ ಹಾಕಿದೆ, ಆನ್ ಮಾಡಿದೆ. ಸ್ಕ್ರೀನ್ ಮೇಲೆ 'ಸಿಮ್ ನಾಟ್ ಸಪೋರ್ಟೆಡ್' ಅಂತ ಬಂತು. ತೆಗೆದು ಉಜ್ಜಿ ಮತ್ತೆ ಹಾಕಿದೆ. ಅದೇ. ಅಮ್ಮನ ಸಿಮ್ ಹಾಕಿ ನೋಡಿದೆ. ಅದೇ. ಅಪ್ಪ ಕೇಳಿದರು, 'ಅಲ್ಲಪ್ಪ, ಇದು ನಿಂದೇ ಫೋನ್ ತಾನೆ?'

ನಂದೇ ಅಂತ ನಾನೂ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ಕೂತು ಕಸ್ಟಮರ್ ಕೇರ್‌ಗೆ ಕಾಲ್ ಮಾಡಿದೆ. ಅಲ್ಲಿದ್ದ ಹುಡುಗಿ ತುಂಬಾ ಮರ್ಯಾದೆಯಿಂದಲೇ ಹೇಳಿದಳು: ಸರ್, 14 ಕಂತು ಆಗಿದೆ, 22 ಬಾಕಿ ಇದೆ, 528 ಡಾಲರ್ ಕಟ್ಟಿ, ಆಮೇಲೆ ಅನ್‌ಲಾಕ್‌ಗೆ ರಿಕ್ವೆಸ್ಟ್ ಹಾಕಿ. ಬಾಕಿ ಏನು ಬಾಕಿ, ನೀವು ಫ್ರೀ ಅಂತ ಕೊಟ್ಟ ಫೋನಲ್ವಾ ಇದು ಅಂದೆ. ಹೌದು ಸರ್, 36 ತಿಂಗಳು ಇದ್ದರೆ ಫ್ರೀ ಅಂದಳು.

ನಮಗೆ ಇದು ಯಾಕೆ ತಲೆಗೆ ಹೋಗುವುದಿಲ್ಲ ಅಂದರೆ, ಊರಲ್ಲಿ ಫೋನ್ ಬೇರೆ, ಸಿಮ್ ಬೇರೆ. ಅಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಪ್ರಿಪೇಯ್ಡ್. ಇವತ್ತು ಒಂದು ಸಿಮ್, ಬೇಜಾರಾದರೆ ನಾಳೆ ಇನ್ನೊಂದು. ಬಿಟ್ಟು ಹೋಗುವ ಗಿರಾಕಿಗೆ ಯಾವ ಕಂಪನಿ ಫೋನಿನ ದುಡ್ಡು ಹಾಕುತ್ತದೆ? ಹಾಗಂತ ಅಲ್ಲಿ ಯಾರೂ ಪ್ರಯತ್ನವನ್ನೇ ಮಾಡಲಿಲ್ಲ ಅಂತಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಕೊಟ್ಟರೆ ಫೋನ್ ಕೈಗೆ ಅಂತ ಸ್ಕೀಮ್ ತಂದಿತ್ತು, ನಿಮ್ಮಲ್ಲಿ ತಲೆ ನರೆತವರಿಗೆ ನೆನಪಿರಬೇಕು. ಅದು ಸಿಡಿಎಂಎ ಫೋನ್, ಒಳಗೆ ಸಿಮ್ಮೇ ಇರಲಿಲ್ಲ. ಕಂಪನಿ ಬಿಟ್ಟರೆ ಫೋನು ಬರೀ ಡಬ್ಬ. ಇನ್ನೂ ತಮಾಷೆ ಅಂದರೆ 2008ರ ಐಫೋನ್ 3ಜಿ. ಅಮೆರಿಕದಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಜೊತೆ 199 ಡಾಲರ್. ಅದೇ ಫೋನು ಬೆಂಗಳೂರಿನಲ್ಲಿ 31,000 ರೂಪಾಯಿ. ಸಬ್ಸಿಡಿ ಒಂದು ಪೈಸೆ ಇಲ್ಲ, ಲಾಕ್ ಮಾತ್ರ ಇತ್ತು! ಹಾಗೆ ಮಾಡಿದರೆ ಯಾರು ತಗೊಳ್ಳುತ್ತಾರೆ.

ಇಲ್ಲಿನ 199 ಡಾಲರ್ ಕಥೆಗೆ ಬರೋಣ. ಆ ಕಾಲದಲ್ಲಿ ಫೋನಿನ ನಿಜವಾದ ಬೆಲೆ 600ರ ಮೇಲೆ ಇರುತ್ತಿತ್ತು. ಮಿಕ್ಕಿದ್ದನ್ನು ಕ್ಯಾರಿಯರ್ ಕೈಯಿಂದ ಹಾಕಿ, ಎರಡು ವರ್ಷ ತಿಂಗಳ ಬಿಲ್ಲಿನಲ್ಲಿ ಸದ್ದಿಲ್ಲದೆ ವಸೂಲಿ ಮಾಡುತ್ತಿತ್ತು. ಮಧ್ಯದಲ್ಲಿ ಬಿಟ್ಟರೆ ದಂಡ, 350 ಡಾಲರ್‌ವರೆಗೂ. ಎರಡು ವರ್ಷ ಆದಮೇಲೂ ನೀವು ಹಳೆಯ ಫೋನೇ ಇಟ್ಟುಕೊಂಡರೆ ಬಿಲ್ ಇಳಿಯುತ್ತಿತ್ತಾ? ಇಲ್ಲ. ಫೋನಿನ ಸಾಲ ತೀರಿದ ಮೇಲೂ ಸಾಲ ಕಟ್ಟುತ್ತಾ ಇರುವುದು. ಹಾಗಾಗಿ ಎಲ್ಲರೂ ಎರಡು ವರ್ಷಕ್ಕೊಮ್ಮೆ ಫೋನ್ ಬದಲಾಯಿಸುತ್ತಿದ್ದರು, ಬದಲಾಯಿಸದಿದ್ದರೆ ನಷ್ಟ ಅನ್ನೋ ಹಾಗೆ.

2013ರ ಮಾರ್ಚ್‌ನಲ್ಲಿ ಇಲ್ಲಿನ ದೊಡ್ಡ ಕ್ಯಾರಿಯರ್‌ಗಳಲ್ಲಿ ಒಂದಾದ ಟಿ-ಮೊಬೈಲ್ ಕಾಂಟ್ರಾಕ್ಟ್ ತೆಗೆದು ಹಾಕಿತು. ಪ್ಲ್ಯಾನ್ ಒಂದು ಸಾಲು, ಫೋನಿನ ಕಂತು ಇನ್ನೊಂದು ಸಾಲು. ಐಫೋನ್ 5ಕ್ಕೆ ಮೊದಲು 99 ಡಾಲರ್, ಆಮೇಲೆ ತಿಂಗಳಿಗೆ 20ರಂತೆ 24 ತಿಂಗಳು. ಕಂತು ಮುಗಿದರೆ ಬಿಲ್ ಇಳಿಯುತ್ತದೆ. ನನಗೆ ಕೇಳಿದರೆ ಇಷ್ಟು ವರ್ಷಗಳಲ್ಲಿ ಇಲ್ಲಿನ ಗಿರಾಕಿಗೆ ಆದ ದೊಡ್ಡ ಉಪಕಾರ ಅದೇ. 2015ರಲ್ಲಿ ವೆರೈಝನ್, 2016ರ ಶುರುವಿನಲ್ಲಿ ಎಟಿ ಆ್ಯಂಡ್ ಟಿ ಕೂಡ ಹಳೆಯ ಎರಡು ವರ್ಷದ ಸಬ್ಸಿಡಿ ನಿಲ್ಲಿಸಿದವು. ಮಧ್ಯೆ 2014ರ ಆಗಸ್ಟ್ 1ರಂದು ಒಬಾಮಾ ಒಂದು ಕಾನೂನಿಗೆ ಸಹಿ ಹಾಕಿದರು, ನಿಮ್ಮ ಫೋನನ್ನು ನೀವು ಅನ್‌ಲಾಕ್ ಮಾಡಿಸಿಕೊಂಡರೆ ತಪ್ಪಲ್ಲ ಅಂತ. ಅದಕ್ಕೆ ಮುಂಚೆ ಒಂದೂವರೆ ವರ್ಷ ಅದು ಕಾಪಿರೈಟ್ ಕಾನೂನಿನ ಪ್ರಕಾರ ತಪ್ಪಾಗಿತ್ತು ಅಂದರೆ ನಂಬುತ್ತೀರಾ? ಆದರೆ ಒಂದು ನೆನಪಿಡಿ, ಆ ಕಾನೂನು ನಿಮಗೆ ಅನುಮತಿ ಕೊಟ್ಟಿತೇ ಹೊರತು, ಕಂತು ಬಾಕಿ ಇರುವ ಫೋನನ್ನು ಕಂಪನಿ ಬಿಚ್ಚಿ ಕೊಡಲೇಬೇಕು ಅಂತ ಹೇಳಲಿಲ್ಲ.

ಸರಿ, ಕಾಂಟ್ರಾಕ್ಟ್ ಹೋಯಿತು ಅಂತ ಖುಷಿಪಡುವ ಹೊತ್ತಿಗೆ ಅದು ಹಿಂಬಾಗಿಲಿನಿಂದ ಬಂತು. ಈಗ ಅದರ ಹೆಸರು ಬಿಲ್ ಕ್ರೆಡಿಟ್. ನನ್ನ ಬಿಲ್ಲಿನಲ್ಲಿ ಹೇಗಿತ್ತು ಅಂತ ಹೇಳುತ್ತೇನೆ. ಒಂದು ಸಾಲು: ಇನ್‌ಸ್ಟಾಲ್‌ಮೆಂಟ್ 14/36, 24 ಡಾಲರ್. ಅದರ ಕೆಳಗೆ: ಪ್ರೊಮೋ ಕ್ರೆಡಿಟ್, ಮೈನಸ್ 24 ಡಾಲರ್. ಕೂಡಿದರೆ ಸೊನ್ನೆ. ಪ್ರತಿ ತಿಂಗಳು ಈ ಸೊನ್ನೆ ನೋಡಿ ನಾನು ಹಿಗ್ಗುತ್ತಿದ್ದೆ. ಆದರೆ ಆ ಎರಡು ಸಾಲು ಬೇರೆ ಬೇರೆ ಮಾತು. ಮೊದಲನೆಯದು ನಾನು ಸಹಿ ಹಾಕಿದ ಸಾಲ, ನಾನು ಎಲ್ಲಿ ಹೋದರೂ ನನ್ನ ಹಿಂದೆ ಬರುತ್ತದೆ. ಎರಡನೆಯದು ಕಂಪನಿ ಕೊಡುವ ಬಳುವಳಿ, ಲೈನ್ ಬಿಟ್ಟ ದಿನ ನಿಲ್ಲುತ್ತದೆ. ದಂಡ ಅನ್ನುವ ಪದ ಎಲ್ಲೂ ಇಲ್ಲ. ಕ್ರೆಡಿಟ್ ನಿಂತಿತು, ಸಾಲ ಉಳಿಯಿತು, ಅಷ್ಟೇ. ಎಂಥಾ ತಲೆ ಅಲ್ವಾ?

ಈಗ ಲೆಕ್ಕ. ಫೋನು 864 ಡಾಲರ್ ಅಂತ ಇಟ್ಟುಕೊಳ್ಳಿ, 24ರಂತೆ 36 ಕಂತು ಸರಿಯಾಗಿ ಕೂರುತ್ತದೆ. ನಮ್ಮ ನ್ಯೂಜೆರ್ಸಿಯಲ್ಲಿ ಸೇಲ್ಸ್ ಟ್ಯಾಕ್ಸ್ 6.625 ಪರ್ಸೆಂಟ್. ಪುಕ್ಕಟೆ ಫೋನೇ ಆದರೂ ಪೂರ್ತಿ ಬೆಲೆಯ ಮೇಲೆ ಮೊದಲ ದಿನವೇ 57 ಡಾಲರ್ ಟ್ಯಾಕ್ಸ್ ಇಡಬೇಕು. ಮೇಲೆ ಆ್ಯಕ್ಟಿವೇಶನ್ ಅಂತ ಇನ್ನೊಂದಿಷ್ಟು. ಇದು ಬಿಡಿ, ಚಿಲ್ಲರೆ. ಅಸಲು ಇರುವುದು ಪ್ಲ್ಯಾನಿನಲ್ಲಿ. ಒಳ್ಳೆಯ ಡೀಲ್ ಬೇಕು ಅಂದರೆ ಅವರು ಹೇಳಿದ ದುಬಾರಿ ಅನ್‌ಲಿಮಿಟೆಡ್ ಪ್ಲ್ಯಾನೇ ಆಗಬೇಕು. ಒಬ್ಬರೇ ಇದ್ದರೆ ತಿಂಗಳಿಗೆ 85 ಅಂತ ಹಿಡಿಯಿರಿ. ಅದೇ ಟವರ್‌ಗಳ ಮೇಲೆ ಓಡುವ ವಿಸಿಬಲ್, ಮಿಂಟ್ ತರದ ಅಗ್ಗದ ಬ್ರ್ಯಾಂಡ್‌ಗಳು 15ರಿಂದ 25 ಡಾಲರ್‌ಗೆ ಸಿಗುತ್ತವೆ. ವಿಸಿಬಲ್ ವೆರೈಝನ್‌ದೇ, ಮಿಂಟನ್ನು 2024ರಲ್ಲಿ ಟಿ-ಮೊಬೈಲ್ ಕೊಂಡುಕೊಂಡಿತು. ಜನ ಜಾಸ್ತಿ ಇದ್ದ ಕಡೆ ಇವುಗಳ ಇಂಟರ್‌ನೆಟ್ ಸ್ವಲ್ಪ ನಿಧಾನ ಆಗಬಹುದು, ಅಷ್ಟು ವ್ಯತ್ಯಾಸ. 85ಕ್ಕೂ 25ಕ್ಕೂ ಅಂತರ 60. ಗುಣಿಸು 36. ಎಷ್ಟಾಯಿತು? 2,160 ಡಾಲರ್. 864ರ ಫೋನ್ ಪುಕ್ಕಟೆ ಸಿಗಲಿ ಅಂತ 2,160 ಕೊಟ್ಟ ಹಾಗಾಯಿತು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾತು ಚೆನ್ನಾಗಿ ಕಾಣುತ್ತದೆ. ಆದರೆ ಪೂರ್ತಿ ನಿಜ ಅಲ್ಲ. ಮನೆಯಲ್ಲಿ ನಾಲ್ಕು ಲೈನ್ ಇದ್ದರೆ ಅದೇ ದುಬಾರಿ ಪ್ಲ್ಯಾನ್ ಲೈನಿಗೆ 45ರ ಆಸುಪಾಸಿಗೆ ಇಳಿಯುತ್ತದೆ. ಆಗ ಅಂತರ 20, ಮೂರು ವರ್ಷಕ್ಕೆ 720. ಫೋನು 864ರದ್ದು. ಅಂದರೆ ಹೇಗಿದ್ದರೂ ನಾಲ್ಕು ಹೊಸ ಐಫೋನ್ ತಗೊಳ್ಳುವ ಸಂಸಾರ, ಮೂರು ವರ್ಷ ಜಾಗ ಬಿಟ್ಟು ಕದಲುವುದಿಲ್ಲ ಅನ್ನೋ ಗ್ಯಾರಂಟಿ ಇರುವವರು, ಕ್ಯಾರಿಯರ್ ಡೀಲ್ ತಗೊಂಡರೆ ಲಾಭವೇ. ನಮ್ಮ ಭಾವನ ಮನೆಯಲ್ಲಿ ಹಾಗೇ ಮಾಡಿದ್ದಾರೆ, ಅವರನ್ನು ನೋಡಿ ನಾನು ನಗುವ ಹಾಗಿಲ್ಲ. 300 ಡಾಲರ್ ಫೋನ್ ಸಾಕು ಅನ್ನುವವರಿಗೆ ಮಾತ್ರ ಈ ಲೆಕ್ಕ ಉಲ್ಟಾ.

ಆದರೆ ಇಲ್ಲಿ ಕೂತಿರುವ ಅರ್ಧ ಜನಕ್ಕೆ ಮೂರು ವರ್ಷದ ಗ್ಯಾರಂಟಿ ಎಲ್ಲಿದೆ? ಎಚ್-1ಬಿ ಕೆಲಸದ ವೀಸಾ ಮೊದಲ ಸಲ ಕೊಡುವುದೇ ಜಾಸ್ತಿ ಅಂದರೆ ಮೂರು ವರ್ಷಕ್ಕೆ. ಫೋನಿನ ಕ್ರೆಡಿಟ್ಟೂ ಮೂರು ವರ್ಷ. ಕೆಲಸ ಹೋದರೆ ಇನ್ನೊಂದು ಹುಡುಕುವುದಕ್ಕೆ 60 ದಿನ. ಹುಡುಕಿಕೊಂಡವರು ಸರಿ, ಸಿಗದೆ ಗಂಟುಮೂಟೆ ಕಟ್ಟಿದವರು ಮನೆ ಲೀಸು, ಕಾರ್ ಲೋನು, ಅದರ ಜೊತೆ ನಾಲ್ಕು ಫೋನಿನ ಬಾಕಿಯನ್ನೂ ತೀರಿಸಿ ವಿಮಾನ ಹತ್ತಬೇಕು. ಮತ್ತೆ ಹೊಸದಾಗಿ ಬಂದಿರುವ ಸ್ಟೂಡೆಂಟ್‌ಗಳು, ನಿಮಗಂತೂ ಚಿಂತೆಯೇ ಇಲ್ಲ: ಕ್ರೆಡಿಟ್ ಹಿಸ್ಟರಿ, ಅಂದರೆ ಇಲ್ಲಿ ಸಾಲ ತಗೊಂಡು ತೀರಿಸಿದ ದಾಖಲೆ, ಇಲ್ಲದೆ ಈ ಪುಕ್ಕಟೆ ಡೀಲ್ ನಿಮಗೆ ಸಿಗುವುದೇ ಕಷ್ಟ!

ಇನ್ನೊಂದು ನಮ್ಮವರ ಅಭ್ಯಾಸ ಇದೆ. ಐದು ಜನ ಬ್ಯಾಚುಲರ್‌ಗಳು, ಒಂದು ಅಪಾರ್ಟ್‌ಮೆಂಟ್, ಒಬ್ಬನ ಹೆಸರಿನಲ್ಲಿ ಫ್ಯಾಮಿಲಿ ಪ್ಲ್ಯಾನ್, ಐದು ಹೊಸ ಫೋನು. ಮೊದಲ ವರ್ಷ ಎಲ್ಲರೂ ಒಂದನೇ ತಾರೀಖಿಗೆ ದುಡ್ಡು ಕಳಿಸುತ್ತಾರೆ. ಎರಡನೇ ವರ್ಷ ಒಬ್ಬ ಡಲ್ಲಾಸ್‌ಗೆ ಹೋಗುತ್ತಾನೆ, ಒಬ್ಬ ಮದುವೆಯಾಗಿ ಹೆಂಡತಿಯ ಪ್ಲ್ಯಾನಿಗೆ ಸೇರುತ್ತಾನೆ. ಸಾಲ ಯಾರ ಹೆಸರಲ್ಲಿದೆಯೋ ಅವನೇ ಕಟ್ಟಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅದೇ. ನಾನು ಒಂದು ಕಾಲದಲ್ಲಿ ಕೋಡಂಗಿ ಆಗಿದ್ದೆ. ಆ ಈರಭದ್ರ ಇವತ್ತು ಇದೇ ಸಭೆಯಲ್ಲಿ ಇದ್ದಾನೆ, ಹೆಸರು ಹೇಳುವುದಿಲ್ಲ.

ಲಾಕ್ ನಮಗೆ ದಿನಾ ತೊಂದರೆ ಕೊಡುವುದು ಇನ್ನೊಂದು ಕಡೆ. ಊರಿನ ಬ್ಯಾಂಕ್ ಓಟಿಪಿ. ನಮ್ಮೆಲ್ಲರ ಹತ್ತಿರ ಒಂದು ಇಂಡಿಯಾ ನಂಬರ್ ಇದೆ, ಸಾಯದ ಹಾಗೆ ಆಗಾಗ ರೀಚಾರ್ಜ್ ಮಾಡುತ್ತಾ ಇರುತ್ತೇವೆ. ಅನ್‌ಲಾಕ್ಡ್ ಫೋನ್ ಆದರೆ ಅದು ಎರಡನೇ ಸಿಮ್ ಆಗಿ ಕೂರುತ್ತದೆ, ರೋಮಿಂಗ್‌ನಲ್ಲಿ ಓಟಿಪಿ ಬರುತ್ತದೆ. ಲಾಕ್ ಆದ ಫೋನಿಗೆ ಬೇರೆ ಕಂಪನಿ ಸಿಮ್ ಕಂಡರೆ ಆಗುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಕಟ್ಟೆ ಮೇಲೆ ಒಂದು ಒಡೆದ ಹಳೆಯ ಫೋನ್ ಸದಾ ಚಾರ್ಜ್ ಆಗುತ್ತಾ ಬಿದ್ದಿರುತ್ತದೆ, ಓಟಿಪಿಗೆ ಅಂತಲೇ. ಇನ್ನೊಂದು, ಐಫೋನ್ 14ರಿಂದ ಅಮೆರಿಕದ ಐಫೋನ್‌ಗಳಲ್ಲಿ ಸಿಮ್ ಟ್ರೇನೇ ಇಲ್ಲ. ಊರಿನ ನಂಬರನ್ನು ಇ-ಸಿಮ್‌ಗೆ, ಅಂದರೆ ಫೋನಿನ ಒಳಗೇ ಇಳಿಸಿಕೊಳ್ಳುವ ಸಿಮ್‌ಗೆ, ಬದಲಾಯಿಸಿಕೊಳ್ಳಬೇಕು. ಏರ್‌ಟೆಲ್, ಜಿಯೋ ಎರಡೂ ಕೊಡುತ್ತವೆ. ಆ ಕೆಲಸ ಊರಲ್ಲಿ ಇದ್ದಾಗಲೇ ಮುಗಿಸಿಕೊಂಡು ಬನ್ನಿ, ಇಲ್ಲಿಂದ ಮಾಡಲು ಹೋಗಿ ಒದ್ದಾಡಬೇಡಿ.

ಹಾಗಾದರೆ ಊರಿಂದಲೇ ಫೋನ್ ತರುತ್ತೇವೆ ಅಂತ ಕೆಲವರು. ತನ್ನಿ, ಆದರೆ ನೋಡಿಕೊಂಡು ತನ್ನಿ. ಇಲ್ಲಿನ ಕಂಪನಿಗಳು ಗೋಡೆ ತೂರಿ ಮನೆ ಒಳಗೆ ಬರುವ ಸಿಗ್ನಲ್‌ಗೆ 600, 700 ಮೆಗಾಹರ್ಟ್ಸ್ ಬಳಸುತ್ತವೆ. ಬ್ಯಾಂಡ್ 12, 13, 71 ಅಂತ ಅವುಗಳ ನಂಬರ್. ಇಂಡಿಯಾಕ್ಕೆ ಅಂತ ಮಾಡಿದ ಎಷ್ಟೋ ಫೋನುಗಳಲ್ಲಿ ಇವು ಇರುವುದಿಲ್ಲ. ಪಾರ್ಕಿಂಗ್ ಲಾಟ್‌ನಲ್ಲಿ ಚೆನ್ನಾಗಿ ಓಡುತ್ತದೆ, ಬೇಸ್‌ಮೆಂಟಿಗೆ ಇಳಿದರೆ ಸತ್ತುಹೋಗುತ್ತದೆ. 2022ರಲ್ಲಿ ಇಲ್ಲಿ 3ಜಿ ಮುಚ್ಚಿದ ಮೇಲೆ ಕಾಲ್ ಕೂಡ 4ಜಿ, 5ಜಿ ಮೇಲೇ ಹೋಗಬೇಕು. ಕಂಪನಿಯ ಲಿಸ್ಟಿನಲ್ಲಿ ನಿಮ್ಮ ಮಾಡೆಲ್ ಇಲ್ಲದಿದ್ದರೆ ಇಂಟರ್‌ನೆಟ್ ಇದ್ದರೂ ಕಾಲ್ ಹೋಗದೆ ಇರಬಹುದು. *#06# ಒತ್ತಿದರೆ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬರುತ್ತದೆ, ಅದನ್ನು ಕ್ಯಾರಿಯರ್ ವೆಬ್‌ಸೈಟಿನಲ್ಲಿ ಹಾಕಿದರೆ ನಡೆಯುತ್ತೋ ಇಲ್ಲವೋ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ.

ಈಗ ಕೈಯಲ್ಲಿ ಐಫೋನ್ ಇರುವವರು ಸೆಟ್ಟಿಂಗ್ಸ್, ಜನರಲ್, ಅಬೌಟ್ ತೆಗೆಯಿರಿ. ಕೆಳಗೆ ಕ್ಯಾರಿಯರ್ ಲಾಕ್ ಅಂತ ಇದೆ. 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇದ್ದರೆ ನೀವು ಆರಾಮ. ಇಲ್ಲದಿದ್ದರೆ ಕಂತು ಎಷ್ಟು ಬಾಕಿ ಇದೆ, ಕಟ್ಟಿದರೆ ಮಿಕ್ಕ ಕ್ರೆಡಿಟ್ ಉಳಿಯುತ್ತದಾ ಅಂತ ನಿಮ್ಮ ಕಂಪನಿಯನ್ನು ಈ ವಾರವೇ ಕೇಳಿ, ಟಿಕೆಟ್ ಬುಕ್ ಮಾಡಿದ ಮೇಲೆ ಅಲ್ಲ. ಒಂದೊಂದು ಕಂಪನಿಗೆ ಒಂದೊಂದು ನಿಯಮ. ಆ ಹಿಂದಿನ ಸಾಲಿನಲ್ಲಿ ಯಾರೋ 'ಅಯ್ಯೋ' ಅಂದರಲ್ಲ, ಊಟದ ಹೊತ್ತಿಗೆ ಸಿಗಿ, ಮಾತಾಡೋಣ.

ನಾನು ಆ 528 ಡಾಲರ್ ಕಟ್ಟಲಿಲ್ಲ. ಹಠ. ಫೋನನ್ನು ಅಪ್ಪನ ಹತ್ತಿರ ಹಾಗೇ ಬಿಟ್ಟು ಬಂದೆ, ಮನೆಯ ವೈಫೈ ಮೇಲೆ ವಾಟ್ಸಾಪ್ ಕಾಲ್ ಆದರೂ ಆಗುತ್ತದೆ ಅಂತ. ಅಪ್ಪ ಅಂಗಡಿಗೆ ಹೋಗಿ 12,000ಕ್ಕೆ ಒಂದು ಫೋನ್ ತಂದುಕೊಂಡರು. 36ನೇ ಕಂತು ಮುಗಿದ ತಿಂಗಳು ಇಲ್ಲಿಂದ ಅನ್‌ಲಾಕ್ ಮಾಡಿಸಿ, ಅಪ್ಪನಿಗೆ ಕಾಲ್ ಮಾಡಿ, ಈಗ ನಿಮ್ಮ ಸಿಮ್ ಹಾಕಬಹುದು ಅಂದೆ. 'ಇರ್ಲಿ ಬಿಡಪ್ಪ, ನಂಗೆ ಇದೇ ಅಭ್ಯಾಸ ಆಗಿದೆ. ಅದನ್ನ ನಿಮ್ಮಮ್ಮ ಯೂಟ್ಯೂಬ್‌ನಲ್ಲಿ ರಂಗೋಲಿ ನೋಡೋಕೆ ಇಟ್ಕೊಂಡಿದ್ದಾಳೆ' ಅಂದರು. ಕಮಿಟಿಯವರು ಕೈ ತೋರಿಸುತ್ತಿದ್ದಾರೆ, ತಟ್ಟೆ ಆ ಕಡೆ ಟೇಬಲ್ ಮೇಲೆ ಇವೆಯಂತೆ.