ಗೇಟಿನ ಪೇಂಟು, ನೀಲಿ ಬಾಟಲಿ, ಹಳದಿ ಪುಡಿ

ಎಲ್ಲರಿಗೂ ನಮಸ್ಕಾರ. ಪೋಸ್ಟರಿನಲ್ಲಿ ನನ್ನ ವಿಷಯ 'ಫೋಟೋಕ್ಯಾಟಲಿಸ್ಟ್ ಮತ್ತು ಬೆಳಕಿನಿಂದ ನಡೆಯುವ ಉತ್ಕರ್ಷಣ' ಅಂತ ಹಾಕಿದ್ದಾರೆ. ಫೋಟೋಕ್ಯಾಟಲಿಸ್ಟ್ ಅಂದರೆ ಬೆಳಕು ಬಿದ್ದಾಗ ರಾಸಾಯನಿಕ ಕ್ರಿಯೆ ನಡೆಸಿಕೊಡುವ ವಸ್ತು, ಉತ್ಕರ್ಷಣ ಅಂದರೆ ಒಂದು ವಸ್ತುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು. ಪೋಸ್ಟರ್ ನೋಡಿಯೇ ಒಂದಷ್ಟು ಜನ ಕಾಫಿಗೆ ಎದ್ದು ಹೋದರು. ಉಳಿದವರಿಗೆ ನಮ್ಮ ಮನೆ ಗೇಟಿನ ಕತೆ ಹೇಳುತ್ತೇನೆ.

ಗೇಟಿಗೆ ತಿಳಿ ನೀಲಿ ಪೇಂಟು. ಮಧ್ಯಾಹ್ನದಿಂದ ಸಂಜೆವರೆಗೂ ಅದರ ಮೇಲೆ ಬಿಸಿಲು. ಈಗ ಅದಕ್ಕೆ ಒರಗಿಕೊಂಡು ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಿ ಒಳಗೆ ಬಂದರೆ, ಅಂಗಿ ತೋಳಿಗೆಲ್ಲ ಸೀಮೆಸುಣ್ಣದಂಥ ಪುಡಿ. ಅದೇ ಡಬ್ಬದ ಪೇಂಟನ್ನು ಮೆಟ್ಟಿಲ ಕೆಳಗಿನ ಬಾಗಿಲಿಗೂ ಹೊಡೆಸಿದ್ದೆ. ಅದು ಇವತ್ತಿಗೂ ಹೊಳೆಯುತ್ತಿದೆ.

ತಿಳಿ ಬಣ್ಣದ ಪೇಂಟಿಗೆಲ್ಲ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಟೂತ್‌ಪೇಸ್ಟಿನಲ್ಲೂ ಸಿಗುವ, ನೋಡಲು ತುಂಬಾ ಸಾಧು ಪುಡಿ. ಬಿಸಿಲಿಗೆ ಬಂದಾಗ ಮಾತ್ರ ಇದರ ಸ್ವಭಾವ ಬೇರೆ. ಬೆಳಕು ಬಿದ್ದಾಗ ಒಳಗಿನ ಒಂದು ಎಲೆಕ್ಟ್ರಾನ್ ಮೇಲಕ್ಕೆ ಹಾರುತ್ತದೆ, ಅದು ಇದ್ದ ಜಾಗ ಖಾಲಿ ಉಳಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ರಂಧ್ರ ಅನ್ನುತ್ತಾರೆ, ಲ್ಯಾಬಿನಲ್ಲಿ ನಾವು ಹೋಲ್ ಅಂತಲೇ ಅನ್ನುತ್ತೇವೆ. ಬಹುಪಾಲು ಸಲ ಎಲೆಕ್ಟ್ರಾನ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ವಾಪಸ್ ಬಂದು ಬೀಳುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಬೀಳದೆ ಉಳಿದ ಕೆಲವೇ ಹೋಲ್‌ಗಳು ಮೇಲ್ಮೈಗೆ ಬಂದು ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಆಗ ಹುಟ್ಟುವುದು ಹೈಡ್ರಾಕ್ಸಿಲ್ ರ್‍ಯಾಡಿಕಲ್. ನೀರಿನ ಅಣುವಿನ ಈ ಹಸಿದ ಚೂರು ಎದುರಿಗೆ ಸಿಕ್ಕ ಸಾವಯವ ವಸ್ತು ಯಾವುದನ್ನೂ ಬಿಡುವುದಿಲ್ಲ. ನನ್ನ ಗೇಟಿನಲ್ಲಿ ಪೇಂಟನ್ನು ಹಿಡಿದಿಟ್ಟಿದ್ದ ರೆಸಿನ್ ಸಿಕ್ಕಿತು, ಅದನ್ನೇ ತಿಂದಿತು. ಬರೀ ಬಿಸಿಲೂ ರೆಸಿನ್ನನ್ನು ಹಾಳು ಮಾಡುತ್ತದೆ, ನಿಜ, ಆದರೆ ಈ ಪುಡಿ ಜೊತೆಗಿದ್ದರೆ ಕೆಲಸ ಜೋರು. ಅದಕ್ಕೇ ಒಳ್ಳೆಯ ಪೇಂಟಿಗೆ ಹಾಕುವ ಟೈಟಾನಿಯಂ ಕಣಗಳಿಗೆ ಸಿಲಿಕಾ, ಅಲ್ಯುಮಿನಾದ ತೆಳು ಹೊದಿಕೆ ಹಾಕಿರುತ್ತಾರೆ. ಪೇಂಟಿನವರು ಈ ಗುಣವನ್ನು ಮುಚ್ಚಲು ದುಡ್ಡು ಖರ್ಚು ಮಾಡುತ್ತಾರೆ, ನಾವು ಅದೇ ಗುಣವನ್ನು ಹೆಚ್ಚಿಸಲು ದುಡ್ಡು ಖರ್ಚು ಮಾಡುತ್ತೇವೆ!

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ನೀರಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಹರಳು, ಇನ್ನೊಂದು ಕಡೆ ಪ್ಲಾಟಿನಂ, ಮಧ್ಯೆ ತಂತಿ. ಹರಳಿಗೆ ಬೆಳಕು ಬಿಟ್ಟರೆ ಅಲ್ಲಿ ಆಮ್ಲಜನಕ, ಪ್ಲಾಟಿನಂ ಮೇಲೆ ಹೈಡ್ರೋಜನ್. ಮರುವರ್ಷವೇ ತೈಲ ಬಿಕ್ಕಟ್ಟು ಬಂತು, ಜಗತ್ತೆಲ್ಲ ಈ ಲೇಖನದ ಕಡೆ ತಿರುಗಿತು. ಆದರೆ ಒಂದು ತೊಡಕು. ಈ ಪುಡಿಗೆ ಸುಮಾರು 390 ನ್ಯಾನೋಮೀಟರಿಗಿಂತ ಗಿಡ್ಡ ಅಲೆಯ ಬೆಳಕೇ ಬೇಕು, ಅಂದರೆ ಅಲ್ಟ್ರಾವಯೊಲೆಟ್. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು ಅಷ್ಟೇ.

ಈಗ ನಮ್ಮ ಮಂದಿಯ ಒಂದು ಕೆಟ್ಟ ಚಟದ ಬಗ್ಗೆ ಹೇಳಬೇಕು. ಹೊಸ ಕ್ಯಾಟಲಿಸ್ಟ್ ಮಾಡಿದ ಕೂಡಲೇ ಅದನ್ನು ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಕರಗಿಸಿದ ನೀರಿಗೆ ಹಾಕಿ ಲೈಟು ಹಾಕುವುದು, ನೀಲಿ ಹೋಯಿತಾ, ಪೇಪರ್ ಬರೆಯುವುದು. ನಾನೂ ಮಾಡಿದ್ದೇನೆ. ಒಂದು ಸಂಜೆ ಬೀಕರಿನ ಬದಲು ರಬ್ಬರ್ ಬಿರಡೆ ಹಾಕಿದ ಪುಟ್ಟ ಬಾಟಲಿಯಲ್ಲಿ, ಗಾಳಿಗೆ ಜಾಗವೇ ಇಲ್ಲದಂತೆ ತುಂಬಿಸಿ ಲೈಟಿನ ಮುಂದೆ ಇಟ್ಟೆ. ಬಣ್ಣ ಪೂರ್ತಿ ಹೋಯಿತು. ಕುಣಿಯುವುದೊಂದು ಬಾಕಿ. ಗೈಡಿಗೆ ತೋರಿಸಲು ಬಿರಡೆ ತೆಗೆದು ಸ್ವಲ್ಪ ಬೇರೆ ಗ್ಲಾಸಿಗೆ ಸುರಿದೆ. ನೋಡುತ್ತಿದ್ದ ಹಾಗೆ ಮೇಲಿನಿಂದ ನೀಲಿ ಇಳಿಯತೊಡಗಿತು. ಅಲ್ಲಾಡಿಸಿದೆ, ಪೂರ್ತಿ ನೀಲಿ. ಗೈಡು ಏನೂ ಹೇಳಲಿಲ್ಲ, ಸುಮ್ನೆ ನಕ್ಕರು.

ಆಗಿದ್ದೇನು ಅಂದರೆ, ಪುಡಿಯನ್ನು ಆಲ್ಕೋಹಾಲ್‌ನಲ್ಲಿ ತೊಳೆದು ಸರಿಯಾಗಿ ಒಣಗಿಸಿರಲಿಲ್ಲ. ಆ ಆಲ್ಕೋಹಾಲ್ ಹೋಲ್‌ಗಳನ್ನು ತುಂಬಿತು. ಒಳಗಿದ್ದ ಚೂರು ಆಮ್ಲಜನಕ ಮುಗಿದ ಮೇಲೆ ಎಲೆಕ್ಟ್ರಾನ್‌ಗಳು ಹೋಗಿ ಬಣ್ಣದ ಮೇಲೆ ಕೂತವು. ಬಣ್ಣ ಉತ್ಕರ್ಷಣ ಆಗಿರಲೇ ಇಲ್ಲ, ಅಪಕರ್ಷಣ ಆಗಿತ್ತು, ಅಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವ ಬದಲು ಪಡೆದಿತ್ತು. ಪೂರ್ತಿ ಉಲ್ಟಾ! ಗಾಳಿ ತಾಗಿದ್ದೇ ಹಳೇ ರೂಪಕ್ಕೆ ಬಂತು. ಅವತ್ತಿನಿಂದ ಯಾರಾದರೂ ಬಣ್ಣ ಹೋದ ಫೋಟೋ ತೋರಿಸಿದರೆ ನಾನು ಕೇಳುವುದು ಒಂದೇ: ಇಂಗಾಲ ಎಲ್ಲಿ ಹೋಯಿತು? ಬಣ್ಣ ನಿಜವಾಗಿ ಪೂರ್ತಿ ಉತ್ಕರ್ಷಣ ಆಗಿದ್ದರೆ ಅದು ಕಾರ್ಬನ್ ಡೈಆಕ್ಸೈಡ್ ಆಗಿರಬೇಕು, ಅದನ್ನು ಅಳೆದಿರಾ? ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕಿದಿರಾ, ಪುಡಿ ಸುಮ್ನೆ ಬಣ್ಣ ಹೀರಿಕೊಂಡಿದ್ದರೆ?

ಇಂಥ ಪುಡಿ ಮಾಡುವುದು ಹೇಗೆ? ಯೂರಿಯಾದಿಂದ. ಹೌದು, ಗೊಬ್ಬರದ ಯೂರಿಯಾನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 1980ರ ದಶಕದಲ್ಲಿ ಕೆ.ಸಿ. ಪಾಟೀಲರು ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ನೀರಲ್ಲಿ ಕರಗಿಸಿ 500 ಡಿಗ್ರಿ ಫರ್ನೇಸಿಗೆ ಇಟ್ಟರು. ಕುದಿದು, ನೊರೆ ಎದ್ದು, ಭಗ್ಗನೆ ಹೊತ್ತಿಕೊಂಡು ಕೆಲವೇ ನಿಮಿಷದಲ್ಲಿ ಹಗುರವಾದ ಅಲ್ಯುಮಿನಾ. ಆಮೇಲೆ ಅಲ್ಲಿಯೇ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಅವರ ವಿದ್ಯಾರ್ಥಿಗಳು ಇದೇ ದಾರಿಯಲ್ಲಿ, ಯೂರಿಯಾ ಬದಲು ಗ್ಲೈಸೀನ್ ಅನ್ನುವ ಅಮೈನೋ ಆಮ್ಲ ಉರಿಸಿ, ಫೋಟೋಕ್ಯಾಟಲಿಸ್ಟ್ ಟೈಟಾನಿಯಂ ಡೈಆಕ್ಸೈಡ್ ಮಾಡಿದರು.

ನಾನು ಮಾಡುವುದು ಇನ್ನೂ ಸೋಮಾರಿ ಕೆಲಸ. ಯೂರಿಯಾ ಒಂದನ್ನೇ ಮುಚ್ಚಳದ ಕ್ರೂಸಿಬಲ್‌ನಲ್ಲಿ, ಅಂದರೆ ಕಾವು ತಡೆಯುವ ಪುಟ್ಟ ಬಟ್ಟಲಿನಲ್ಲಿ, 550 ಡಿಗ್ರಿಗೆ ಕಾಯಿಸುವುದು. ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ, ಎಕ್ಸಾಸ್ಟ್ ಹಾಕದೆ ಮಾಡಬೇಡಿ. ತಳದಲ್ಲಿ ಉಳಿಯುವುದು ಒಂದು ಚಿಟಿಕೆ ತಿಳಿ ಹಳದಿ ಪುಡಿ, ಕಾರ್ಬನ್ ನೈಟ್ರೈಡ್. ನೀರಿನಿಂದ ಇದು ಬೆಳಕಿನಲ್ಲಿ ಹೈಡ್ರೋಜನ್ ಬಿಡಿಸುತ್ತದೆ ಅಂತ 2009ರಲ್ಲಿ ಗೊತ್ತಾಯಿತು. ಹಳದಿ ಇದೆ ಅಂದರೆ ನೀಲಿ ಬೆಳಕನ್ನು ಹೀರುತ್ತದೆ ಅಂತ ತಾನೇ? ಎಲ್‌ಇಡಿ ಸಾಕು.

ಇದರ ಹೋಲ್ ಟೈಟಾನಿಯಂನದಷ್ಟು ಬಲವಾದದ್ದಲ್ಲ. ನೀರಿನಿಂದ ನೇರವಾಗಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸಲು ಅದಕ್ಕೆ ಆಗುವುದಿಲ್ಲ. ಕೊಳಕು ನೀರು ಶುದ್ಧ ಮಾಡುವವರಿಗೆ ಇದು ಕೊರತೆ. ನನಗೆ ಬೇಕಾಗಿದ್ದೇ ಇದು. ಬೆಂಜೈಲ್ ಆಲ್ಕೋಹಾಲನ್ನು ಬೆಂಜಾಲ್ಡಿಹೈಡ್ ಮಾಡಬೇಕು, ಕಹಿ ಬಾದಾಮಿಯ ವಾಸನೆ ಇರುತ್ತದಲ್ಲ, ಅದು. ಕ್ರೋಮಿಯಂ ಹಾಕಿ ಮಾಡಿದರೆ ವಿಷದ ಕಸ ಉಳಿಯುತ್ತದೆ. ಟೈಟಾನಿಯಂ ಹಾಕಿ ನೀರಲ್ಲಿ ಬಿಟ್ಟರೆ ನಿಲ್ಲುವುದೇ ಗೊತ್ತಿಲ್ಲ, ಕಾರ್ಬನ್ ಡೈಆಕ್ಸೈಡ್‌ವರೆಗೂ ಓಡುತ್ತದೆ. ಹಳದಿ ಪುಡಿ, ಗಾಳಿಯ ಆಮ್ಲಜನಕ, ನೀಲಿ ಬೆಳಕು ಇದ್ದರೆ ಹೆಚ್ಚಿನ ಪಾಲು ಆಲ್ಡಿಹೈಡ್‌ನಲ್ಲೇ ನಿಲ್ಲುತ್ತದೆ. ನಿಧಾನ ಅನ್ನುವುದೊಂದೇ ನನ್ನ ದೂರು.

ಆದರೆ ಅಷ್ಟಕ್ಕೇ ಬಿಟ್ಟು ಮನೆಗೆ ಹೋಗುವ ಹಾಗಿಲ್ಲ. ಬೆಂಜಾಲ್ಡಿಹೈಡ್ ಗಾಳಿಯಲ್ಲಿ ತಾನೇ ಮುಂದುವರಿಯುತ್ತದೆ, ಯಾರ ಪುಡಿಯೂ ಬೇಕಿಲ್ಲ. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಈ ಬಾಟಲಿ ತಂದಿದ್ದೇನೆ. ಮುಚ್ಚಳ ಸಡಿಲ ಬಿಟ್ಟಿದ್ದೆ. ಬಾಯಿಯ ಸುತ್ತ ಬಿಳಿ ಹರಳು ಕಟ್ಟಿದೆಯಲ್ಲ, ಅದು ಬೆಂಜೋಯಿಕ್ ಆಸಿಡ್. ಕೈಯಿಂದ ಕೈಗೆ ದಾಟಿಸಿ, ಮುಚ್ಚಳ ಮಾತ್ರ ತೆಗೆಯಬೇಡಿ.